ಕೇಸರಿಗೊಂದು ಕ್ಯಾನ್ ಕೊಳೆ ನೀರು

ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಂದು ಬಿಳಿ ಥರ್ಮಾಕೋಲ್ ಪೆಟ್ಟಿಗೆ ಕೂತಿದೆ. ಮೊನ್ನೆ ಅದನ್ನು ಎಸೆದೇ ಬಿಡೋಣವೆಂದು ಎತ್ತಿಕೊಂಡು ಮೆಟ್ಟಿಲಿಳಿದೆ. ಕಸದ ಗಾಡಿಯವಳು ಅದನ್ನೂ ನನ್ನನ್ನೂ ನೋಡಿ, "ಇದೆಲ್ಲ ಎಡುಕ್ಕಮಾಟೋಂ ಅಕ್ಕಾ" ಎಂದಳು. ತೆಗೆದುಕೊಳ್ಳುವುದಿಲ್ಲವಂತೆ. ನಾನು ಮುಖ ಸಿಂಡರಿಸಿಕೊಂಡು ವಾಪಸು ತಂದೆ. ಒಳಗೊಳಗೇ ಸಮಾಧಾನವಾಯಿತು ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಈಗ ಅದರಲ್ಲಿ ಅಮ್ಮ ಕೊತ್ತಂಬರಿ ಬಿತ್ತಿದ್ದಾಳೆ. ಕೊತ್ತಂಬರಿ ಮಾತ್ರ ಇನ್ನೂ ಮನಸ್ಸು ಮಾಡಿಲ್ಲ.

ಎದುರು ಮನೆಯವರು ಒಂದು ಸಲ ಕೇಳಿದರು, ಈ ಪೆಟ್ಟಿಗೆಯಲ್ಲಿ ಏನು ಬಂದಿತ್ತು ಅಂತ. ಮೀನು ಅಂದೆ. ಅವರ ಮೂಗು ತಾನಾಗಿಯೇ ಮೇಲಕ್ಕೆ ಹೋಯಿತು. "ಸಾಕುವ ಮೀನು" ಅಂದೆ. ಮೂಗು ಇಳಿಯಿತು, ಹುಬ್ಬು ಏರಿತು. ದಾವಣಗೆರೆಯಿಂದ ಚೆನ್ನೈಗೆ ಮೀನು ಹೊತ್ತು ತಂದಿರಾ, ಇಲ್ಲಿ ಸಮುದ್ರವೇ ಇದೆಯಲ್ಲ ಎಂದರು. ನಾನು ಏನು ಹೇಳಲಿ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಮೀನು ಎಂದರೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗೊಂದಲವೇ. ಅಪ್ಪಯ್ಯ ಕುಂದಾಪುರದ ಕಡೆಯವರು. ಮೀನಿಲ್ಲದ ಊಟವನ್ನು ಊಟವೆಂದು ಒಪ್ಪದ ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು, ಮೀನಿನ ಹೆಸರನ್ನೂ ಎತ್ತಬಾರದಂಥ ಸಸ್ಯಾಹಾರಿ ಹೋಟೆಲಿನಲ್ಲಿ ತಟ್ಟೆ ತೊಳೆಯಲು ನಿಂತವರು. ನಾವಿದ್ದದ್ದು ಟ್ರಿಪ್ಲಿಕೇನಿನ ಒಂದು ಹಿತ್ತಲಿನ ಬಿಡಾರದಲ್ಲಿ. ಮನೆಯೊಡತಿ ಅಯ್ಯಂಗಾರ್ ಮಾಮಿ. ಬಾಡಿಗೆಗೆ ಸೇರುವಾಗಲೇ ಅಮ್ಮನ ಕೈಹಿಡಿದು, ಇಲ್ಲಿ ಅದೆಲ್ಲ ಆಗಬಾರದಮ್ಮಾ ಎಂದಿದ್ದರಂತೆ. ಅಮ್ಮ ಮಾತು ಕೊಟ್ಟಳು, ಉಳಿಸಿಕೊಂಡಳು. ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಸಂಜೆಯ ಗಾಳಿ ಆ ಕಡೆಯಿಂದ ಬೀಸಿದರೆ ಅಮ್ಮ ಕಿಟಕಿ ತೆರೆದು ಸುಮ್ಮನೆ ನಿಲ್ಲುತ್ತಿದ್ದಳು. ನಾನು ಮಾತ್ರ, ಮೀನು ಮಾರುವವರು ಬೀದಿಯಲ್ಲಿ ಹೋದರೆ ಮಾಮಿಗೆ ಕಾಣುವ ಹಾಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಬಾಯಲ್ಲಿ ನೀರು ಬರುವುದಕ್ಕೂ ಮೂಗು ಮುಚ್ಚಿಕೊಳ್ಳುವುದಕ್ಕೂ ವಿರೋಧವೇನೂ ಇಲ್ಲ ಎಂದು ಆಗಲೇ ತಿಳಿದಿತ್ತು.

ಅಪ್ಪಯ್ಯ ತಟ್ಟೆ ತೊಳೆಯುವಲ್ಲಿಂದ ಟೇಬಲ್ ಒರೆಸುವಲ್ಲಿಗೆ, ಅಲ್ಲಿಂದ ಬಡಿಸುವಲ್ಲಿಗೆ ಬಂದರು. ಬಡಿಸುವಲ್ಲಿಗೆ ಬಂದಮೇಲೂ ತೊಳೆಯುವುದು ಬಿಡಲಿಲ್ಲ. ಬೇರೆಯವರು ತೊಳೆದದ್ದು ಅವರಿಗೆ ಎಂದೂ ಹಿಡಿಸಿದ್ದಿಲ್ಲ. ಹೋಟೆಲಿನ ದೊಡ್ಡ ಹಂಡೆಯೊಳಗೆ ಇಳಿದು ಕೂತು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಶಾಲೆ ಬಿಟ್ಟು ಹೋದರೆ ನನಗೆ ಹಂಡೆಯೊಳಗಿನಿಂದ ಅವರ ದನಿ ಮಾತ್ರ ಕೇಳುತ್ತಿತ್ತು. "ಓದಿದ್ಯಾ?" ಅಂತ. ಓದಿದೆ ಅನ್ನುತ್ತಿದ್ದೆ. ಹಂಡೆ ಗುಂಯ್‌ಗುಟ್ಟುತ್ತಿತ್ತು.

ಬಡಿಸುವುದರಲ್ಲಿ ಅವರದ್ದೊಂದು ಕ್ರಮವಿತ್ತು. ಊಟಕ್ಕೆ ಕೂತವರು "ಬೇಡ" ಅಂದರೆ ಒಂದು ಸೌಟು ಹಾಕಬೇಕು. "ಬೇಡವೇ ಬೇಡ" ಅಂದರೆ ಎರಡು ಸೌಟು. ಎಲೆಯ ಮೇಲೆ ಅಡ್ಡ ಬಿದ್ದು ಎರಡೂ ಕೈ ಚಾಚಿದರೆ, ಆಗ ಬೆರಳ ಸಂದಿಯಲ್ಲಿ ಹಾಕಬೇಕು. ಸಂಕೋಚದವರನ್ನು ಹಸಿದುಕೊಂಡು ಏಳಲು ಬಿಟ್ಟರೆ ಬಡಿಸಿದವನಿಗೆ ಪಾಪ ಎಂಬುದು ಅವರ ನಂಬಿಕೆ. ನಮ್ಮ ಕಡೆಯ ಹೋಟೆಲಿನವರೆಲ್ಲ ಹೀಗೆಯೇ. ಮನುಷ್ಯ ಬಾಯಿಬಿಟ್ಟು ತನಗೇನು ಬೇಕೋ ಅದನ್ನೇ ಹೇಳುತ್ತಾನೆ ಎಂದು ಅವರು ಯಾರೂ ನಂಬುವುದಿಲ್ಲ.

ಆ ಹಂಡೆಯ ಹೊರಗೆ ಕೂತು ಓದಿ ನಾನು ಬಿ.ಕಾಂ. ಆದೆ. ಇದನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದ ಮೊದಲ ಕಾಲು ನನ್ನದು. ಫಲಿತಾಂಶ ಬಂದ ದಿನ ಅಪ್ಪಯ್ಯ ಬಡಿಸುತ್ತಿದ್ದ ಪಾಯಸದ ಪಾತ್ರೆಯನ್ನು ಟೇಬಲಿನ ಮೇಲೇ ಇಟ್ಟು ಬೀದಿಗೆ ಬಂದಿದ್ದರು. ಪದವಿಯಿಂದ ನನಗೆ ವಿಮಾ ಕಚೇರಿಯ ಕೆಲಸ ಸಿಕ್ಕಿತು, ಜೊತೆಗೆ ಒಂದು ಕಾಯಿಲೆಯೂ ಅಂಟಿತು. ಏನೇ ಮಾಡುವ ಮೊದಲು ಅದರ ಬಗ್ಗೆ ಓದುವುದು. ನನ್ನ ಗಂಡ ಬಸವರಾಜ್ ಹೇಳುವ ಪ್ರಕಾರ ನಾನು ಕುಕ್ಕರಿನ ಜೊತೆ ಬಂದ ಪುಸ್ತಕವನ್ನೂ ಕೊನೆಯ ಪುಟದವರೆಗೆ ಓದಿದ ಏಕೈಕ ಹೆಂಗಸು.

ಕೆಲಸದ ಮೇಲೆ ದಾವಣಗೆರೆಗೆ ಹೋದವಳು ಅಲ್ಲಿಯವರನ್ನೇ ಮದುವೆಯಾದೆ. ಮಗಳು ನಿಧಿ ಅಲ್ಲೇ ಹುಟ್ಟಿದಳು. ಅವಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಮನೆಗೆ ಬಂದದ್ದು ಕೇಸರಿ. ಗೋಲ್ಡ್‌ಫಿಶ್ಶು. ತರುವಾಗ ಹೆಬ್ಬೆರಳಿನಷ್ಟಿತ್ತು, ಈಗ ಅಂಗೈ ಸಾಲದು. ಅದರ ಜೊತೆಗೆ ಪೂರಿ, ವಡೆ, ಇನ್ನೂ ಕೆಲವು ಚಿಕ್ಕವು. ಹೆಸರುಗಳಿಂದಲೇ ನಿಮಗೆ ಗೊತ್ತಾಗಿರಬೇಕು, ನಾಮಕರಣದ ದಿನ ಅಪ್ಪಯ್ಯ ಫೋನಿನಲ್ಲಿದ್ದರು. "ಸಾಕೂದ್ ಸಾಕ್ತ್ರಿ, ತಿಂಬುಕಂತೂ ಇಲ್ಲ, ಹೆಸರಾರೂ ತಿಂಬುದೇ ಇರ್ಲಿ" ಎಂದಿದ್ದರು.

ಹೋದ ವರ್ಷ ನನಗೆ ಚೆನ್ನೈಗೆ ವರ್ಗವಾಯಿತು. ನನಗೆ ಸಂತೋಷ. ಅಪ್ಪಯ್ಯ, ಅಮ್ಮ ಪಲ್ಲಾವರದಲ್ಲಿದ್ದಾರೆ. ಬಸವರಾಜ್ ಎಲ್ಲಿ ಕೂತರೂ ಮಾಡಬಹುದಾದ ಕಂಪ್ಯೂಟರ್ ಕೆಲಸದವರು. ಸಂತೋಷವಿಲ್ಲದವಳು ನಿಧಿ ಒಬ್ಬಳೇ. ಶಾಲೆ ಬಿಡಬೇಕು, ಗೆಳತಿಯರನ್ನು ಬಿಡಬೇಕು, ಭಾಷೆ ಬರುವುದಿಲ್ಲ. ಎರಡು ದಿನ ಅತ್ತು, ಮೂರನೆಯ ದಿನ ನ್ಯಾಯಾಧೀಶರಂತೆ ಬಂದು ಕೂತಳು.

"ಕೇಸರಿ ಬಂದ್ರೆ ನಾನೂ ಬರ್ತೀನಿ. ಅಲ್ಲಿ ಅದಕ್ಕೇನಾರ ಆದ್ರೆ ನನ್ನ ವಾಪಸ್ ದೊಡ್ಡಪ್ಪನ ಮನಿಗೆ ಕಳಿಸ್ಬೇಕು. ನಾನ್ ಅಲ್ಲೇ ಓದ್ತೀನಿ."

ಬಸವರಾಜ್ ನಕ್ಕರು. ನಾನು ನಗಲಿಲ್ಲ. ಸರಿ ಅಂದೆ, ಕೈಮೇಲೆ ಕೈ ಹೊಡೆದೆ. ಮಕ್ಕಳಿಗೆ ಕೊಟ್ಟ ಮಾತು ಮಾತಲ್ಲವೆಂದು ತಿಳಿದವಳಲ್ಲ ನಾನು. ಕೊಟ್ಟ ಮೇಲೆ ಮಾತ್ರ ಹೆದರಿದೆ. ಏಕೆಂದರೆ ಅವಳೂ ನನ್ನ ಮಗಳೇ. ಕಳಿಸು ಅಂದರೆ ಕಳಿಸಲೇಬೇಕು.

ಇನ್ನೇನು, ಓದಲು ಕೂತೆ. ಮೀನುಗಳ ಸ್ಥಳಾಂತರದ ಬಗ್ಗೆ ಇಂಟರ್ನೆಟ್ಟಿನಲ್ಲಿ ಇರುವಷ್ಟು ಜ್ಞಾನ ಬೇರೆ ಯಾವುದರ ಬಗ್ಗೆಯೂ ಇಲ್ಲ, ಅಷ್ಟೇ ಜಗಳವೂ ಇದೆ. ಒಬ್ಬ ಹಳೆಯ ನೀರೆಲ್ಲ ತೆಗೆದುಕೊಂಡು ಹೋಗಿ ಅನ್ನುತ್ತಾನೆ. ಇನ್ನೊಬ್ಬ ನೀರಿನಲ್ಲೇನಿದೆ ಮಣ್ಣು, ಇರುವುದೆಲ್ಲ ಸ್ಪಂಜಿನಲ್ಲಿ ಅನ್ನುತ್ತಾನೆ. ಮೂರನೆಯವಳು ಅಳುವ ಮುಖದ ಚಿತ್ರ ಹಾಕಿ, ನಾನು ಎರಡನ್ನೂ ಮಾಡಿದೆ, ನನ್ನವು ಉಳಿಯಲಿಲ್ಲ ಅನ್ನುತ್ತಾಳೆ. ಕೊನೆಗೆ ನನಗೆ ತಿಳಿದದ್ದಿಷ್ಟು. ಮೀನು ತನ್ನ ನೀರಿನಲ್ಲೇ ಉಚ್ಚೆ ಮಾಡುತ್ತದೆ, ಅದು ವಿಷ. ಆ ವಿಷವನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು ನೀರು ಸೋಸುವ ಸ್ಪಂಜಿನಲ್ಲಿ, ಕಲ್ಲುಹರಳಿನಲ್ಲಿ, ಮರದ ತುಂಡಿನಲ್ಲಿ ಲೋಳೆಯಾಗಿ ಅಂಟಿಕೊಂಡಿರುತ್ತವೆ. ನಮ್ಮ ಕಣ್ಣಿಗೆ ಯಾವುದು ಗಲೀಜೋ ಅದೇ ಮೀನಿನ ಜೀವ. ಆ ಲೋಳೆ ಒಣಗಬಾರದು, ತೊಳೆಯಬಾರದು. ಇನ್ನೊಂದು, ಪ್ರಯಾಣಕ್ಕೆ ಎರಡು ದಿನ ಮೊದಲೇ ಮೀನಿಗೆ ಊಟ ನಿಲ್ಲಿಸಬೇಕು.

ಇದನ್ನು ಫೋನಿನಲ್ಲಿ ಹೇಳಿದ್ದೇ ತಡ, ಪಲ್ಲಾವರದಲ್ಲಿ ಹಾಹಾಕಾರವಾಯಿತು.

"ಉಪಾಸ ಹಾಕಿ ಕರ್ಕಂಡ್ ಬತ್ರಿಯಾ? ಪರ ಊರಿಗೆ ಹೊರ್ಟದ್ದಕ್ಕೆ ಹೊಟ್ಟಿಗೆ ಹಾಕ್ದೆ?" ಇದು ಅಮ್ಮ.

"ಹೊಟ್ಟೆ ಖಾಲಿ ಇದ್ರೆ ನೀರು ಹಾಳಾಗೂದಿಲ್ಲ ಅಮ್ಮಾ."

"ನಿನ್ನನ್ನ ಪರೀಕ್ಷೆಗೆ ಹಂಗೆ ಕಳ್ಸಿದ್ನಾ ನಾನ್?"

ಫೋನು ಕೈ ಬದಲಾಯಿಸಿತು. ಅಪ್ಪಯ್ಯ ಬಂದರು. ಸಾಮಾನಿನ ಲಾರಿ ನಮಗಿಂತ ಒಂದು ದಿನ ಮೊದಲು ಪೋರೂರಿನ ಹೊಸ ಮನೆಗೆ ತಲುಪುವುದಿತ್ತು. ಕಾರಿನಲ್ಲಿ ಜಾಗವಿಲ್ಲದೆ ಗಾಜಿನ ತೊಟ್ಟಿ, ಹರಳುಗಳು, ಮರದ ತುಂಡು, ಮುಚ್ಚಿದ ಬಕೆಟಿನಲ್ಲಿ ಹಳೆಯ ನೀರಿನಲ್ಲಿ ಅದ್ದಿಟ್ಟ ಸ್ಪಂಜು, ಕ್ಯಾನುಗಳಲ್ಲಿ ಹಳೆಯ ನೀರು ಎಲ್ಲ ಲಾರಿಯಲ್ಲಿ ಕಳಿಸಿದ್ದೆ. ಇಳಿಸಿಕೊಳ್ಳುವವರು ಅಪ್ಪಯ್ಯ.

"ಅಪ್ಪಯ್ಯ, ಮೀನಿನ ಸಾಮಾನು ಮಾತ್ರ ಮುಟ್ಬೇಡಿ."

"ಆಯ್ತ್ ಆಯ್ತ್."

"ನಿಜವಾಗ್ಲೂ. ಬಂದದ್ದು ಬಂದ ಹಾಗೇ ಇರ್ಲಿ. ನೀವು ಏನೂ ಮಾಡೂದು ಬೇಡ."

"ನೀ ತಲಿಬಿಸಿ ಮಾಡ್ಕಣ್ಬೇಡ. ನಾ ಇದ್ದೆ ಅಲ್ದಾ."

"ಬೇಡವೇ ಬೇಡ ಅಪ್ಪಯ್ಯ!"

ಫೋನಿಟ್ಟ ಮೇಲೆ ನನಗೆ ನೆಮ್ಮದಿಯಾಯಿತು. ಮೂರು ಸಲ ಬೇಡ ಅಂದಿದ್ದೆನಲ್ಲ.

ಮನೆಯ ಮಾಲೀಕರಿಗೂ ಮೊದಲೇ ಹೇಳಿಬಿಟ್ಟಿದ್ದೆ. ಅವರು ನಿವೃತ್ತರು, ಆಚಾರವಂತರು, ಮಾಂಸಾಹಾರ ಬೇಯಿಸಬಾರದೆಂಬ ಕರಾರಿನವರು. ಸಾರ್, ನಮ್ಮ ಹತ್ತಿರ ಮೀನುಗಳಿವೆ ಎಂದೆ. "ಉಯಿರೋಡವಾ?" ಎಂದರು. ಜೀವಂತವಾಗಿಯೇ ಸಾರ್, ತೊಟ್ಟಿಯಲ್ಲಿ ಅಂದೆ. ಯೋಚಿಸಿ ತೀರ್ಪು ಕೊಟ್ಟರು. ಜೀವ ಇರುವವರೆಗೆ ಇರಬಹುದು, ಜೀವ ಹೋದ ಗಳಿಗೆಯಲ್ಲಿ ಮನೆಯಿಂದ ಹೊರಗೆ ಹೋಗಬೇಕು. ಕೇಸರಿಯ ತಲೆಯ ಮೇಲೆ ಹೀಗೆ ಎರಡು ಕರಾರು ಬಿದ್ದವು, ಮಗಳದ್ದೊಂದು, ಮಾಲೀಕರದ್ದೊಂದು. ಪಾಪದ್ದಕ್ಕೆ ಎರಡೂ ಗೊತ್ತಿಲ್ಲ.

ಬೆಳಕು ಹರಿಯುವ ಹೊತ್ತಿಗೆ ದಾವಣಗೆರೆ ಬಿಟ್ಟೆವು. ಅರ್ಧ ನೀರು, ಅರ್ಧ ಗಾಳಿ ತುಂಬಿದ ಚೀಲಗಳಲ್ಲಿ ಮೀನು. ಚೀಲಗಳು ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು. ನಿಧಿಯ ಬೆಲ್ಟು ಕಟ್ಟಿದೆಯೋ ಇಲ್ಲವೋ ಎಂದು ನೋಡಲು ಮರೆತಿದ್ದೆ, ಅದು ಚಿತ್ರದುರ್ಗದಲ್ಲಿ ನೆನಪಾಯಿತು. ಹಂಪು ಬಂದಲ್ಲೆಲ್ಲ ಬಸವರಾಜ್ ಕಾರನ್ನು ಬಾಣಂತಿಯನ್ನು ನಡೆಸುವ ಹಾಗೆ ದಾಟಿಸಿದರು. ಹಿಂದಿನ ಲಾರಿಗಳು ಬೈದವು. ಕೃಷ್ಣಗಿರಿ ದಾಟಿ ಟೀ ಕುಡಿಯಲು ನಿಂತಾಗ, ಮುಚ್ಚಳ ಸರಿಸಿ ಮೀನಿಗೆ ಮುಖ ತೋರಿಸುತ್ತಿದ್ದ ನಮ್ಮನ್ನು ಕಂಡು ಅಂಗಡಿಯ ಹೆಂಗಸು ಹತ್ತಿರ ಬಂದಳು. ಒಳಗೆ ಮಗು ಇದೆ ಅಂದುಕೊಂಡಿದ್ದಳಂತೆ. ಬಗ್ಗಿ ನೋಡಿ, ನಮ್ಮ ಮೂವರ ಮುಖ ನೋಡಿ, ಟೀಗೆ ಇನ್ನೊಂದಿಷ್ಟು ಸಕ್ಕರೆ ಹಾಕಿ ಕೊಟ್ಟಳು. ದುಃಖದಲ್ಲಿರುವವರಿಗೆ ಕೊಡುವ ಹಾಗೆ.

"ಮಮ್ಮಿ, ಕೇಸರಿ ಬಾಯಿ ಜಾಸ್ತಿ ತೆಗೀತದೆ."

"ಮಾತಾಡ್ತಿದೆ ಪುಟ್ಟಾ."

"ಸುಳ್ಳ್ ಹೇಳ್ಬೇಡ. ಉಸಿರಾಡಕ್ಕೆ ಆಗ್ತಿಲ್ಲ ಅದಕ್ಕೆ."

ಶ್ರೀಪೆರಂಬದೂರಿನ ಹತ್ತಿರ ಬರುವಷ್ಟರಲ್ಲಿ ಪೂರಿ ಒಂದು ಕಡೆ ವಾಲಿಕೊಂಡು ಈಜತೊಡಗಿತ್ತು. ಆದರೂ ನನಗೆ ಧೈರ್ಯವಿತ್ತು. ಮನೆ ಸೇರಿದರೆ ತೊಟ್ಟಿಗೆ ಹಳೆಯ ನೀರು ತುಂಬಿ, ಹಳೆಯ ಸ್ಪಂಜು ಹಾಕಿದರೆ ಅವುಗಳ ಊರೇ ಅವುಗಳಿಗೆ ವಾಪಸು ಸಿಕ್ಕ ಹಾಗೆ. ಓದಿದ್ದೆನಲ್ಲ.

ಹೊತ್ತು ಇಳಿಯುವ ಮೊದಲೇ ಪೋರೂರು ಸೇರಿದೆವು. ಬಾಗಿಲಲ್ಲಿ ಅಪ್ಪಯ್ಯ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದರು. ಮುಖದಲ್ಲಿ ಮದುವೆ ಮನೆಯ ಕಳೆ. ಒಳಗೆ ಹೋದೆ. ಹಾಲಿನಲ್ಲಿ ಸ್ಟ್ಯಾಂಡಿನ ಮೇಲೆ ತೊಟ್ಟಿ. ಗಾಜು ಇದೆಯೋ ಇಲ್ಲವೋ ತಿಳಿಯದ ಹಾಗೆ ಹೊಳೆಯುತ್ತಿತ್ತು. ಒಳಗೆ ಹರಳುಗಳು ಒಂದೊಂದೂ ಮುತ್ತಿನ ಹಾಗೆ. ಕಪ್ಪು ಪಾಚಿಯ ಮರದ ತುಂಡು ಬಿಳಿಚಿಕೊಂಡು ಹೊಸ ಲಟ್ಟಣಿಗೆಯಂತಾಗಿತ್ತು. ಸ್ಪಂಜು ಬಾಲ್ಕನಿಯ ಹಗ್ಗದಲ್ಲಿ, ಕ್ಲಿಪ್ಪು ಹಾಕಿಸಿಕೊಂಡು, ಬಿಸಿಲಲ್ಲಿ ಒಣಗುತ್ತಿತ್ತು. ಅದರ ಬಣ್ಣ ಹಳದಿ ಎಂದು ನಮಗೆ ತಿಳಿದದ್ದೇ ಅವತ್ತು.

"ಕಾಣ್, ಒಂದ್ ಚೂರ್ ಕೊಳೆ ಇದ್ರೆ ಹೇಳ್" ಎಂದರು ಅಪ್ಪಯ್ಯ. "ಕುದಿಯೂ ನೀರ್ ಹಾಕಿ ತೊಳ್ದೆ. ನಿಂಬೆ ಸಿಪ್ಪಿ ಹಾಕಿ ತಿಕ್ದೆ. ಸೋಪ್ ಹಾಕ್ಲಿಲ್ಲ, ಅವಕ್ಕೆ ಕಣ್ಣ್ ಉರಿತ್ತ್ ಅಂದ್ಕಂಡ್."

"ಕ್ಯಾನಿನಲ್ಲಿ ಇದ್ದ ನೀರು?"

"ಆ ನಾತದ್ದಾ? ಅದನ್ನ ಆಗ್ಳೇ ಚೆಲ್ದೆ. ಲಾರಿಯವ ಕೊಳ್ತದ್ದ್ ಹಾಕಿದ್ದ ಕಾಣತ್ತ್. ಇದ್ ಕುಡೂ ನೀರ್! ಇಲ್ಲಿ ಬೋರಿನ ನೀರ್ ಬರೀ ಉಪ್ಪ್. ದೂರದಿಂದ ಬಂದವಕ್ಕೆ ಅದನ್ನ ಕೊಡೂಕ್ ಆತ್ತಾ?"

ತೊಟ್ಟಿಯ ತುಂಬ ಅಂಗಡಿಯಿಂದ ತರಿಸಿದ ಕುಡಿಯುವ ಕ್ಯಾನ್ ನೀರು. ಮನೆಯಲ್ಲಿ ಏನು ವಿಶೇಷ ಎಂದು ಕ್ಯಾನಿನವನು ಕೇಳಿದ್ದನಂತೆ. ಮೊಮ್ಮಗಳು ಬರುತ್ತಾಳೆ ಎಂದಿದ್ದರಂತೆ. ಚೆನ್ನೈಯಲ್ಲಿ ಒಬ್ಬರು ಇನ್ನೊಬ್ಬರಿಗೆ ತೋರಿಸಬಹುದಾದ ಮರ್ಯಾದೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮೀನಿಗೆ, ಲವಣವೆಲ್ಲ ಸೋಸಿ ತೆಗೆದ ಆ ನೀರಿಗಿಂತ ದೊಡ್ಡ ಅಪಾಯವೂ ಇಲ್ಲ.

ಬಾಯಿ ತೆರೆದೆ, ಮುಚ್ಚಿದೆ. ಹಿಂದೆ ಪೆಟ್ಟಿಗೆಯಲ್ಲಿ ಕೇಸರಿಯೂ ಅದನ್ನೇ ಮಾಡುತ್ತಿತ್ತು. ಕೊನೆಗೆ ನನ್ನ ಬಾಯಿಂದ ಬಂದದ್ದು, "ತುಂಬ ಚೆನ್ನಾಗಿ ತೊಳ್ದಿದ್ದೀರಿ ಅಪ್ಪಯ್ಯ."

ನಿಧಿಗೆ ಇಂಥ ಕಷ್ಟವಿರಲಿಲ್ಲ.

"ಅಜ್ಜ ಎಲ್ಲಾ ತೊಳದ್ ಬಿಟ್ಟಾರೆ!" ಎಂದು ಕಿರುಚಿದಳು. "ಅದ್ರಾಗೆ ಕೇಸರಿನ ಬಿಟ್ರೆ ಸತ್ತೋಗ್ತದೆ! ಮಮ್ಮಿ ಬ್ಯಾಡ ಅಂತ ಹೇಳಿದ್ದಳಲ್ಲ, ಯಾಕ್ ತೊಳದ್ರಿ?"

ಅಪ್ಪಯ್ಯ ನಗುತ್ತಲೇ ನನ್ನ ಕಡೆ ತಿರುಗಿದರು, ಮಗು ಏನೋ ಅನ್ನುತ್ತದೆ, ನೀನು ಹೇಳು ಎನ್ನುವ ಹಾಗೆ. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು. ಆ ನಗು ಹೋಗಲೂ ಆಗದೆ ನಿಲ್ಲಲೂ ಆಗದೆ ಅವರ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದುಕೊಂಡಿತ್ತು. ಅಮ್ಮ ಅಡುಗೆಮನೆಯಿಂದಲೇ, "ನಾ ಬಡ್ಕಂಡೆ, ಕೇಂಡ್ರಾ? ನಿಮ್ಮ ಕೈಗೆ ಸಿಕ್ಕಿರೆ ಹಾವಿನ ಪೊರೆಯನ್ನೂ ತೊಳ್ದ್ ಒಣಗ್ಸ್ತ್ರಿ" ಎಂದಳು. ಬಸವರಾಜ್ ಮೀನುಗಳನ್ನು ಬಂದ ನೀರಿನ ಸಮೇತ ಪೆಟ್ಟಿಗೆಗೇ ಸುರಿದು, ಗಾಳಿಯ ಪಂಪು ಹಾಕಿದರು. ಅಪ್ಪಯ್ಯ ಟವೆಲು ಮಡಿಸಿಕೊಂಡು, ಪಲ್ಲಾವರದ ಬಸ್ಸಿಗೆ ಹೊತ್ತಾಯಿತು ಎಂದರು. ಅಮ್ಮನನ್ನು ನಮ್ಮಲ್ಲೇ ಬಿಟ್ಟು ಹೋದರು.

ಬೆಳಿಗ್ಗೆ ಎದ್ದಾಗ ಪೂರಿ ಇರಲಿಲ್ಲ. ಇತ್ತು, ಆದರೆ ಮಾಲೀಕರ ಕರಾರಿನ ಪ್ರಕಾರ ಇರುವಂತಿರಲಿಲ್ಲ. ಬಸವರಾಜ್ ಅದನ್ನು ಕೆಳಗೆ ದಾಸವಾಳದ ಬುಡದಲ್ಲಿ ಹೂತು ಬಂದರು. ನಿಧಿ ಅಳಲಿಲ್ಲ. ದೊಡ್ಡಪ್ಪನ ಫೋನ್ ನಂಬರು ಯಾವುದು ಎಂದು ಕೇಳಿದಳು. ಆಮೇಲೆ ಕೊಡುತ್ತೇನೆ ಅಂದೆ. ಕೇಸರಿ ಪೆಟ್ಟಿಗೆಯ ತಳದಲ್ಲಿ ರೆಕ್ಕೆ ಮುದುರಿಕೊಂಡು ಕೂತಿತ್ತು.

ಕಾಲಿಂಗ್ ಬೆಲ್ಲಾಯಿತು. ಅಪ್ಪಯ್ಯ. ಕೈಯಲ್ಲಿ ಒಂದು ಖಾಲಿ ಕ್ಯಾನು. ಒಳಗೆ ಬರಲಿಲ್ಲ.

"ಆ ಕೊಳೆ, ಅದ್ ಎಲ್ಲಿ ಸಿಗತ್ತ್?"

ಓದಿದ್ದು ನೆನಪಾಯಿತು. ಬೇರೆ ಯಾರದಾದರೂ ಹಳೆಯ ತೊಟ್ಟಿ ಚೆನ್ನಾಗಿ ನಡೆಯುತ್ತಿದ್ದರೆ ಅದರ ಸ್ಪಂಜಿನ ಒಂದು ತುಂಡು, ಸ್ವಲ್ಪ ನೀರು ಸಿಕ್ಕರೂ ಸಾಕು. ಸಿಗ್ನಲ್ಲಿನ ಹತ್ತಿರ ಒಂದು ಮೀನಿನ ಅಂಗಡಿ ಕಂಡಿದ್ದೆ. ಇಬ್ಬರೂ ನಡೆದೆವು. ಅಪ್ಪಯ್ಯ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ಬಂದರು. ಖಾಲಿ ಕ್ಯಾನಿಗೆ ಅಷ್ಟು ಭಾರವಿರುವುದಿಲ್ಲ.

ಅಂಗಡಿಯವನು ಆಗಷ್ಟೇ ಊದುಬತ್ತಿ ಹಚ್ಚುತ್ತಿದ್ದ. ಏನು ಬೇಕು ಅಂದ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ ಕ್ಯಾನು ಮುಂದೆ ಚಾಚಿ, "ಅಳುಕ್ಕು ತಣ್ಣಿ ವೇಣುಂ" ಎಂದರು. ಕೊಳಕು ನೀರು ಬೇಕು.

ಬೆಳಗಿನ ಮೊದಲ ಗಿರಾಕಿ ಹೀಗಂದರೆ ಯಾರಿಗಾದರೂ ಏನನ್ನಿಸಬೇಕು? ಅವನ ಮುಖ ಬಿಗಿಯಿತು. "ನಂಬ ಕಡೈಲ ಎಲ್ಲಾಮೇ ಕ್ಲೀನ್ ಸಾರ್" ಎಂದ. ನಮ್ಮಲ್ಲಿ ಎಲ್ಲವೂ ಸ್ವಚ್ಛ, ಬೇಕಾದರೆ ನೋಡಿಕೊಳ್ಳಿ ಎಂದು ಒಂದು ತೊಟ್ಟಿಯ ದೀಪ ಹಾಕಿ ತೋರಿಸಿದ. ಕಾರ್ಪೊರೇಷನ್ನಿನವರು ತಪಾಸಣೆಗೆ ಬಂದಿದ್ದಾರೆ ಅಂದುಕೊಂಡನೇನೋ. ಅಪ್ಪಯ್ಯ ಕೈಮುಗಿದರು. ಇಲ್ಲ ತಂಬಿ, ತಪ್ಪು ತಿಳಿಯಬೇಡ, ನಿನ್ನ ಹತ್ತಿರ ಇರುವುದರಲ್ಲಿ ಎಲ್ಲಕ್ಕಿಂತ ಗಲೀಜು ಯಾವುದೋ ಅದನ್ನು ಕೊಡು ಎಂದರು. ಅಷ್ಟು ವರ್ಷ ಸಾವಿರಾರು ಜನರ ಎಂಜಲು ತೊಳೆದ ಮನುಷ್ಯ ಗಲೀಜಿಗಾಗಿ ಕೈಮುಗಿದು ನಿಂತದ್ದನ್ನು ನೋಡಿ ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ.

ನಾನು ಸ್ಪಂಜಿನ ಕಥೆ ಹೇಳಿದ ಮೇಲೆ ಅವನು ಸಡಿಲವಾದ. ಜೋರಾಗಿ ನಕ್ಕ. ಒಳಗಿನ ಹಳೆಯ ತೊಟ್ಟಿಯೊಂದರಿಂದ ಕಪ್ಪು ಲೋಳೆ ಸುರಿಯುವ ಸ್ಪಂಜು ಎತ್ತಿ, ಕತ್ತರಿಸಿ, ಚೀಲಕ್ಕೆ ಹಾಕಿಕೊಟ್ಟ. ಕ್ಯಾನಿಗೆ ಕಂದು ನೀರು ತುಂಬಿದ. ಅಪ್ಪಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟ್ ಗಲೀಜ್ ಸಾಕಾ, ಹೆಣೆ?" ಎಂದು ನನ್ನನ್ನು ಕೇಳಿದರು. ಸಾಕು ಅಂದೆ. ಬೀದಿಯುದ್ದಕ್ಕೂ ತುಪ್ಪ ತರುವ ಹಾಗೆ ತಂದರು. ಒಂದು ಹನಿ ತುಳುಕಲಿಲ್ಲ.

ತೊಟ್ಟಿಯಲ್ಲಿದ್ದ ಕುಡಿಯುವ ನೀರನ್ನು ಅರ್ಧ ತೆಗೆದು, ಬೋರಿನ ಉಪ್ಪು ನೀರು ಸೇರಿಸಿ, ಅದಕ್ಕೆ ಈ ಕಂದು ನೀರು ಸುರಿದು, ಸ್ಪಂಜು ತೂರಿಸಿ, ಕೇಸರಿ, ವಡೆ ಮತ್ತು ಉಳಿದವನ್ನು ಬಿಟ್ಟೆವು. ನಾನು ಓದಿದ್ದರಲ್ಲಿ ಈ ಬೆರಕೆಯ ಲೆಕ್ಕ ಎಲ್ಲಿಯೂ ಇರಲಿಲ್ಲ. ವಡೆ ಒಂದು ಸುತ್ತು ಹಾಕಿತು. ಕೇಸರಿ ತಳಕ್ಕೆ ಹೋಗಿ ಕೂತಿತು. ಮುತ್ತಿನಂಥ ಹರಳುಗಳ ಮೇಲೆ, ಯಾರೋ ಬೀಳಿಸಿಕೊಂಡ ಕೈಚೀಲದ ಹಾಗೆ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಊಟ ಹಾಕಿದರೆ ಚಿಕ್ಕವು ಓಡಿ ಬರುತ್ತಿದ್ದವು. ಕೇಸರಿ ತಿರುಗಿಯೂ ನೋಡುತ್ತಿರಲಿಲ್ಲ. ನಿಧಿ ಹೊಸ ಶಾಲೆಯ ಸಮವಸ್ತ್ರದ ಅಳತೆಗೆ ಬರಲು ಒಪ್ಪಲಿಲ್ಲ. ಹೇಗೂ ಹೋಗುವವಳಿಗೆ ಯಾಕೆ ಅಂದಳು. ಅಜ್ಜನೊಂದಿಗೆ ಮಾತು ಬಿಟ್ಟಿದ್ದಳು. ಅಪ್ಪಯ್ಯ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದರು, ದಾರಿಯಲ್ಲಿ ಅದೇ ಅಂಗಡಿಯಿಂದ ಒಂದು ಬಾಟಲಿ ಗಲೀಜು ತರುತ್ತಿದ್ದರು. ಇನ್ನು ಅದು ಬೇಕಾಗಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೂ ಎರಡು ಬಾಟಲಿ ತರುತ್ತಿದ್ದರು. ಬಂದು, ತೊಟ್ಟಿಗೆ ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಕೂರಿ ಅಂದರೆ "ಇರ್ಲಿ" ಅನ್ನುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟು ಹೋಗುತ್ತಿದ್ದರು.

ನನ್ನ ಪರಿಸ್ಥಿತಿ ನೋಡಿ. ಮಗಳ ಪರ ನಿಂತರೆ ಅಪ್ಪಯ್ಯ ಕುಸಿಯುತ್ತಾರೆ. ಅಪ್ಪಯ್ಯನನ್ನು ಸಮಾಧಾನ ಮಾಡಿದರೆ ಮಗಳಿಗೆ ನಾನು ಸುಳ್ಳಿ. ಮೀನಿನ ಜೀವಕ್ಕಾಗಿ ಪ್ರಾರ್ಥಿಸೋಣವೆಂದರೆ, ಯಾವ ದೇವರಿಗೆ ಏನೆಂದು ಹೇಳಿಕೊಳ್ಳುವುದು? ನಮ್ಮ ಮನೆಯವರು ಇಷ್ಟು ತಲೆಮಾರು ಮೀನಿನ ಜೀವದ ಬಗ್ಗೆ ದೇವರಲ್ಲಿ ಮಾತೆತ್ತಿದವರೇ ಅಲ್ಲ. ಬಿ.ಕಾಂ.ನಲ್ಲಿ ಓದಿದ ಯಾವ ಪಾಠವೂ ಇಲ್ಲಿ ತೆರೆದುಕೊಳ್ಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ದೋಸೆ ಹೊಯ್ಯುತ್ತಿದ್ದಳು. ಬಸವರಾಜ್ ಪೇಪರು ಓದುತ್ತಿದ್ದರು. ಅಪ್ಪಯ್ಯ ಗೋಡೆಯ ಹತ್ತಿರ. ನಿಧಿ, ಕರ್ತವ್ಯವೆಂಬಂತೆ, ನಾಲ್ಕು ಕಾಳು ಊಟ ಉದುರಿಸಿ ಮಂಡಿಯೂರಿ ಕೂತಳು. ಕೇಸರಿ ಬಾಲ ಅಲ್ಲಾಡಿಸಿತು. ಅದು ತಳ ಬಿಟ್ಟು, ಓರೆಯಾಗಿ, ಬೇಡದ ಮನಸ್ಸಿನಿಂದ ಎಂಬಂತೆ ಮೇಲೆ ಬಂತು. ಒಂದು ಕಾಳು ಬಾಯಿಗೆ ಹಾಕಿಕೊಂಡಿತು. ಉಗುಳಿತು. ಅಡುಗೆಮನೆಯಿಂದ ದೋಸೆ ಕರಟುವ ವಾಸನೆ ಬಂತು, ಅಮ್ಮ ಸಟ್ಟುಗ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೇಸರಿ ಅದೇ ಕಾಳನ್ನು ಮತ್ತೆ ಬಾಯಿಗೆ ಹಾಕಿಕೊಂಡಿತು. ಈ ಸಲ ಉಗುಳಲಿಲ್ಲ.

"ತಿಂತು" ಎಂದಳು ನಿಧಿ. ನಮಗಲ್ಲ, ತಿರುಗಿ ಗೋಡೆಯ ಕಡೆಗೆ. "ಅಜ್ಜಾ, ತಿಂತು. ನೋಡ್ ಬಾ ಇಲ್ಲಿ."

ಅಪ್ಪಯ್ಯ ಬಂದರು. ಅವಳ ಪಕ್ಕದಲ್ಲಿ ನೆಲಕ್ಕೆ ಕೈಯೂರಿ ನಿಧಾನವಾಗಿ ಕೂತರು. ಇಬ್ಬರೂ ತುಂಬ ಹೊತ್ತು ಗಾಜಿನ ಕಡೆ ನೋಡುತ್ತಿದ್ದರು. ಗಾಜಿನ ಮೇಲೆ ಆಗಲೇ ತೆಳುವಾಗಿ ಹಸಿರು ಹಿಡಿಯತೊಡಗಿತ್ತು. ಆಮೇಲೆ ಅವರು ಹಿಂದೆ ತಿರುಗದೆಯೇ, "ಒಂದ್ ಲೋಟ ಕಾಫಿ ಕೊಡ್, ಕಾಂಬ" ಎಂದರು.

ಆಗ ನನಗೆ ಹೊಳೆಯಿತು. ನಾವು ಬಂದ ದಿನದಿಂದ ಅಪ್ಪಯ್ಯ ಈ ಮನೆಯಲ್ಲಿ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ದಿನಾ ಬಂದಿದ್ದಾರೆ, ದಿನಾ ನಿಂತಿದ್ದಾರೆ, ದಿನಾ ಹೋಗಿದ್ದಾರೆ. ನಾನು ಮೀನಿನ ಹೊಟ್ಟೆಯನ್ನೇ ನೋಡುತ್ತಾ ಇದ್ದುಬಿಟ್ಟಿದ್ದೆ. ಲೋಟವನ್ನು ಬೇಗ ಬೇಗ ತೊಳೆದು, ಕಾಫಿ ತಂದುಕೊಟ್ಟೆ.

ಅವರು ಲೋಟವನ್ನು ಕಣ್ಣಿನ ಎತ್ತರಕ್ಕೆ ಎತ್ತಿ ಹೊರಮೈಯನ್ನು ಸುತ್ತಲೂ ನೋಡಿದರು. ಉಗುರಿನಿಂದ ಅಂಚನ್ನು ಒಂದು ಸಲ ಕೆರೆದರು.

"ಇದನ್ ಯಾರ್ ತೊಳ್ದದ್?"

"ನಾನೇ ಅಪ್ಪಯ್ಯ."

"ಸೋಪ್ ಹೋಯ್ಲಿಲ್ಲ, ಕಾಣ್" ಎಂದರು. ಕೊನೆಯ ಗುಟುಕಿನವರೆಗೂ ಕುಡಿದು, ತಾವೇ ತೊಳೆಯಲು ಏಳದೆ, ಲೋಟವನ್ನು ನಿಧಿಯ ಕೈಗೆ ಕೊಟ್ಟರು.